ಹಿತ್ತಲಿಗೆ ಬರುತ್ತಿದ್ದ ಕರಿಯ ನರಿ

ಆ ವರ್ಷ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕೂತು ಊಟ ಮಾಡಿದ್ದು ನನಗೆ ನೆನಪಿಲ್ಲ. ಅಪ್ಪ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಕಂಪನಿಯ ಮೊಬೈಲು ಹಿಡಿದು ಹಾಲ್‌ನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಅನ್ನ ಮುಗಿಸುತ್ತಿದ್ದರು. ನಾನು ಕಿಟಕಿಯ ಕಟ್ಟೆ ಹತ್ತಿ ಕೂತು ಹೊರಗೆ ನೋಡುತ್ತಾ ತಿನ್ನುತ್ತಿದ್ದೆ. ಅಮ್ಮನಂತೂ ತಟ್ಟೆಯನ್ನೇ ಹಾಕಿಕೊಳ್ಳುತ್ತಿರಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡಿಕೊಂಡೇ ಪಾತ್ರೆಯ ತಳದಲ್ಲಿದ್ದುದನ್ನು ಬಾಯಿಗೆ ಹಾಕಿಕೊಂಡು ಊಟವಾಯಿತು ಅನ್ನುತ್ತಿದ್ದಳು. ಮಸ್ಕತ್ತಿನ ಅಲ್ ಹೈಲ್‌ನ ಒಂದು ವಿಲ್ಲಾದ ಹಿಂಬದಿಯಲ್ಲಿ ಕೆಲಸದವರಿಗೆಂದು ಕಟ್ಟಿದ್ದ ಎರಡು ಕೋಣೆಗಳಿಗೆ ಅಡುಗೆಮನೆಯೊಂದನ್ನು ಅಂಟಿಸಿ ನಮಗೆ ಬಾಡಿಗೆಗೆ ಕೊಟ್ಟಿದ್ದರು. ಅಡುಗೆಮನೆಯ ಬಾಗಿಲೇ ಮನೆಯ ಬಾಗಿಲು. ಅದನ್ನು ತೆರೆದರೆ ಸಿಮೆಂಟು ಹಾಕಿದ ಚಿಕ್ಕ ಹಿತ್ತಲು, ಎದೆಯೆತ್ತರದ ಗೋಡೆ. ಎಡಗಡೆಯ ಗೋಡೆಯಾಚೆ ಮನೆಯೊಡತಿ ಉಮ್ಮು ಸಈದ್‌ಳ ಬಾಳೆಗಿಡಗಳು ಮತ್ತು ಕೋಳಿಗೂಡು. ಎದುರಿನ ಗೋಡೆಯ ಒಂದು ಮೂಲೆ ಕುಸಿದಿತ್ತು. ಅದರಾಚೆ ಮರಳು, ಮರಳಿನ ನಡುನಡುವೆ ಅರ್ಧಕ್ಕೆ ನಿಂತ ಮನೆಗಳ ಅಡಿಪಾಯಗಳು. ಆ ಜಾಗ ನೋಡಿದರೆ ಇಡೀ ಊರೇ ಎಲ್ಲಿಗೋ ಹೊರಟು ನಡುದಾರಿಯಲ್ಲಿ ಮನಸ್ಸು ಬದಲಾಯಿಸಿದಂತಿತ್ತು.

ಅಮ್ಮನ ಆ ಓಡಾಟಕ್ಕೆ ಕಾರಣವಿತ್ತು. ಊರಿನಲ್ಲಿ, ಉಡುಪಿಯ ಹತ್ತಿರದ ಮನೆಯಲ್ಲಿ, ಅಜ್ಜಿ ತೀರಿಹೋಗಿದ್ದರು. ಅಜ್ಜಿ ಅಂದರೆ ಅಮ್ಮನ ತಾಯಿ. ತುಳುವಿನಲ್ಲಿ ತಾಯಿಗೆ ಅಪ್ಪೆ ಅನ್ನುತ್ತೇವೆ, ಅಮ್ಮ ಕೊನೆಯವರೆಗೂ ಅವರನ್ನು ಹಾಗೆಯೇ ಕರೆದವಳು. ಅಪ್ಪ ಕೆಲಸ ಬದಲಾಯಿಸಿದ ಹೊತ್ತು ಅದು. ನಮ್ಮೆಲ್ಲರ ಪಾಸ್‌ಪೋರ್ಟು ಹೊಸ ಕಫೀಲ್‌ನ, ಅಂದರೆ ವೀಸಾ ಕೊಡುವ ಮಾಲೀಕನ, ಕಡೆಯಿಂದ ವೀಸಾದ ಕೆಲಸಕ್ಕೆ ಹೋಗಿತ್ತು, ಅದು ಕೈಗೆ ಬರುವವರೆಗೆ ದೇಶ ಬಿಡುವಂತಿರಲಿಲ್ಲ. ಅಮ್ಮ ಹೆತ್ತ ತಾಯಿಯನ್ನು ಸುಡುವುದನ್ನೂ ಬೊಜ್ಜವನ್ನೂ ಫೋನಿನಲ್ಲೇ ಕೇಳಿದಳು. ಬೊಜ್ಜವೆಂದರೆ ನಮ್ಮ ಕಡೆಯ ಉತ್ತರಕ್ರಿಯೆ. ಆ ದಿನ ಸತ್ತವರ ಹೆಸರಿನಲ್ಲಿ ಎಲೆಯಲ್ಲಿ ಬಡಿಸಿಟ್ಟದ್ದನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತವರಿಗೆ ಸಮಾಧಾನ. ಅಜ್ಜಿಯ ಎಲೆಯನ್ನು ಕಾಗೆ ಮುಟ್ಟಲಿಲ್ಲವೆಂದು ಮಾವ ಫೋನಿನಲ್ಲಿ ಹೇಳಿದರು. ಅಮ್ಮನ ಅಣ್ಣ ಅವರು, ಮಾತಿನಲ್ಲಿ ತೂಕ ನೋಡುವವರಲ್ಲ.

"ಮಧ್ಯಾಹ್ನ ಮೂರು ಗಂಟೆವರೆಗೆ ಕಾದೆವು. ಮರದಲ್ಲಿ ಕೂತಿತ್ತು, ಇಳೀಲಿಲ್ಲ. ಎಲ್ಲರೂ ಹೇಳಿದ್ರು, ಮಗಳು ಬರ್ಲಿಲ್ಲ ಅಂತ ಅವರಿಗೆ ಬೇಜಾರುಂಟು ಅಂತ."

ಅಮ್ಮ ಫೋನು ಇಟ್ಟಳು. ಅಳಲಿಲ್ಲ. ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆದಳು. ಅವತ್ತಿನಿಂದ ಅವಳು ಕೂತದ್ದನ್ನು ನಾನು ನೋಡಲಿಲ್ಲ. ತಾಯಿ ತನ್ನ ಮೇಲೆ ಮುನಿಸಿಕೊಂಡೇ ಹೋದಳೆಂಬುದು ಅವಳ ತಲೆಗೆ ಹೊಕ್ಕಿತ್ತು, ಅದನ್ನು ಹೊರಗೆ ತೆಗೆಯುವ ದಾರಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಎಸಿ ರಿಪೇರಿ ಕಂಪನಿಯೊಂದರ ಸ್ಟೋರ್‌ಕೀಪರು. ಯಾವ ಬಿಡಿಭಾಗ ಕೇಳಿದರೂ ಹುಡುಕಿ ಕೊಡಬಲ್ಲರು, ಇದೊಂದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಸ್ವಲ್ಪ ದಿನ ಬಿಟ್ಟು ಒಂದು ಶುಕ್ರವಾರ ಅಮ್ಮ ತಾನೇ ಬಡಿಸುತ್ತೇನೆ ಅಂದಳು. ಉಮ್ಮು ಸಈದ್‌ಳ ಹತ್ತಿರ ಬಾಳೆಲೆ ಕೇಳಿ ತಂದಳು. ಕೋಳಿಸಾರು ಹಾಕಿದ ಕೋರಿ ರೊಟ್ಟಿ, ಅಕ್ಕಿಯ ಪುಂಡಿ, ಅಜ್ಜಿಗೆ ಪ್ರಾಣವಾಗಿದ್ದ ಬೂತಾಯಿ ಮೀನಿನ ಪುಳಿಮುಂಚಿ, ಎಲೆಯ ತುದಿಗೆ ವೀಳ್ಯ. ಸಿಮೆಂಟಿನ ಮೇಲೆ ಎಲೆಯಿಟ್ಟು, ಕೈಮುಗಿದು, ನಮ್ಮನ್ನೆಲ್ಲ ಒಳಗೆ ಕಳಿಸಿ ಬಾಗಿಲು ಹಾಕಿದಳು. ಸತ್ತವರು ಉಣ್ಣುವಾಗ ನೋಡಬಾರದು. ತೆರೆಯುವ ಮೊದಲು ಕೆಮ್ಮಬೇಕು. ನಾನು ನಿಯಮ ಪಾಲಿಸುವ ಹುಡುಗಿಯಾಗಿರಲಿಲ್ಲ. ಕಿಟಕಿಯ ಕಟ್ಟೆಯಿಂದ ಎಲ್ಲ ಕಾಣುತ್ತಿತ್ತು. ಮಸ್ಕತ್ತಿನಲ್ಲಿ ಕಾಗೆಗಳಿಗೇನು ಬರ, ಡಿಶ್ ಆಂಟೆನಾದ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಬಾಗಿಲ ಹಿಂದೆ ಅಮ್ಮನ ಚಪ್ಪಲಿ ಸರಸರ ಅನ್ನುವುದು ನಿಲ್ಲಲೇ ಇಲ್ಲ. ಮಧ್ಯಾಹ್ನ ಕಳೆದು ಸಂಜೆಯಾಗಿ ಮಗ್ರಿಬ್‌ನ ಬಾಂಗ್ ಮುಗಿಯುವ ಹೊತ್ತಿಗೆ ಕುಸಿದ ಮೂಲೆಯಿಂದ ಏನೋ ಒಳಗೆ ಬಂತು. ನಾಯಿ ಅಂದುಕೊಂಡೆ. ನಾಯಿಗೆ ಅಷ್ಟು ದೊಡ್ಡ ಕಿವಿಯಿರುವುದಿಲ್ಲ, ಅಷ್ಟು ದಪ್ಪ ಬಾಲವಿರುವುದಿಲ್ಲ. ನರಿ. ಆ ಮರಳಿನಲ್ಲಿ ನರಿಗಳಿದ್ದದ್ದು ಗೊತ್ತಿತ್ತು. ಎಲ್ಲವೂ ಮರಳಿನದೇ ಬಣ್ಣದವು. ಇದು ಕಪ್ಪು. ಮೂತಿ, ಕಾಲು, ಬೆನ್ನು ಎಲ್ಲ ಕಪ್ಪು, ಬಾಲದ ತುದಿಯಲ್ಲಿ ಮಾತ್ರ ಒಂದು ಬಿಳಿಯ ಕುಚ್ಚು. ಅದು ಮೊದಲು ಬೂತಾಯಿ ತಿಂದಿತು, ಆಮೇಲೆ ರೊಟ್ಟಿಗೆ ಬಂತು.

ಅಮ್ಮ ಕೆಮ್ಮಿ ಬಾಗಿಲು ತೆರೆದಳು. ನರಿ ಓಡಲಿಲ್ಲ, ತಲೆಯೆತ್ತಿ ಅವಳನ್ನು ನೋಡಿತು. ಆಮೇಲೆ ಗೋಡೆಯ ಮೂಲೆಗೆ ಹೋಗಿ ಕತ್ತಲಾಗುತ್ತಿದ್ದ ಮರಳಿಗೆ ಇಳಿಯಿತು.

"ಅಪ್ಪೆ ಬತ್ತೆರ್," ಅಂದಳು ಅಮ್ಮ. ತನ್ನ ತಾಯಿ ಬಂದರು ಅಂತ.

ಅಪ್ಪ ನಗಲಿಲ್ಲ, ಅದು ಅವರ ದೊಡ್ಡತನ. ನನಗೆ ಮಾತ್ರ ಒಳಗೊಳಗೇ ಒಂದು ಖುಷಿ. ಅಜ್ಜಿ ಕಪ್ಪಗಿದ್ದವರು. ನಾನು ಅಜ್ಜಿಯ ಬಣ್ಣ. ಮದುವೆಮನೆಗಳಲ್ಲಿ ನನ್ನನ್ನು ನೋಡಿದವರೆಲ್ಲ "ಇವಳು ತಾಯಿಯ ಹಾಗೆ ಆಗ್ಬೇಕಿತ್ತು" ಅನ್ನುತ್ತಿದ್ದರು, ಒಬ್ಬ ಚಿಕ್ಕಮ್ಮ ಪ್ರತಿ ರಜೆಯಲ್ಲೂ ಕಡಲೆಹಿಟ್ಟಿನ ಉಪದೇಶ ಮಾಡುತ್ತಿದ್ದಳು. ಈಗ ನಮ್ಮ ಹಿತ್ತಲಿನಲ್ಲಿ ಕಪ್ಪಿಗೆ ಕೋರಿ ರೊಟ್ಟಿ ಸಿಗುತ್ತಿತ್ತು. ಲೋಕದಲ್ಲಿ ಕಪ್ಪಿಗೆ ಸಿಕ್ಕ ಮೊದಲ ಮರ್ಯಾದೆ ಅದು ಅಂತ ನನಗನ್ನಿಸಿತ್ತು.

ಆಮೇಲೆ ಪ್ರತಿ ಶುಕ್ರವಾರವೂ ಎಲೆ ಬಿತ್ತು. ವಾರದಲ್ಲಿ ಒಮ್ಮೆ ಮೀನು ತಿಂದುಹೋಗುವ ತಾಯಿ ಸಿಕ್ಕ ಮೇಲೆ ಅಮ್ಮನಿಗೆ ಉಳಿದ ದಿನಗಳನ್ನು ಕಳೆಯುವುದೇ ಕಷ್ಟವಾಯಿತು. ಇನ್ನೂ ಹೆಚ್ಚು ಓಡಾಡತೊಡಗಿದಳು. ಅಪ್ಪನಿಗೆ ಬೇರೆ ಹೆದರಿಕೆ.

"ಪಕ್ಕದಲ್ಲಿ ಕೋಳಿಗೂಡುಂಟು. ನೀನು ಇಲ್ಲಿ ನರಿಗೆ ಊಟ ಹಾಕ್ತಿ. ನಾಳೆ ಕೋಳಿ ಹೋದ್ರೆ ಉತ್ತರ ಕೊಡುದು ಯಾರು?"

"ಅವರು ಕೋಳಿ ಕದಿಯುವವರಲ್ಲ."

"ಯಾರು, ನಿನ್ನ ಅಪ್ಪೆಯಾ ನರಿಯಾ?"

"ನಿಮಗೆ ಎಲ್ಲವೂ ತಮಾಷೆ. ನಿಮ್ಮ ಅಮ್ಮನ ಬೊಜ್ಜಕ್ಕೆ ನೀವು ಹೋಗಿ ಬಂದಿದ್ದೀರಿ."

ಇಷ್ಟಾದ ಮೇಲೆ ಅಪ್ಪ ತಟ್ಟೆ ಹಿಡಿದು ಮತ್ತೆ ನಡೆಯಲು ಶುರು ಮಾಡುತ್ತಿದ್ದರು.

ನಾನು ನಮ್ಮ ಸೈನ್ಸ್ ಮಿಸ್ಸಿನ ಹತ್ತಿರ ಕೇಳಿದೆ. ಮರುಭೂಮಿಯ ಪ್ರಾಣಿಗೆ ಮರುಭೂಮಿಯ ಬಣ್ಣವೇ ರಕ್ಷಣೆ, ಕಪ್ಪು ಹುಟ್ಟಿದರೆ ಮರಿಯಲ್ಲೇ ಯಾರದಾದರೂ ಬಾಯಿಗೆ ಬೀಳುತ್ತದೆ, ಬಿಸಿಲಿಗೂ ಸಾಯುತ್ತದೆ, ನೀನು ನಾಯಿಯನ್ನು ನೋಡಿರಬೇಕು ಅಂದರು. ಆ ನಾಯಿಯ ಮಾತು ನನಗೆ ನಾಟಿತು. ಅಂದಿನಿಂದ ಶಾಲೆಯ ಬಸ್ಸಿಳಿದವಳು ಸೀದಾ ಗೋಡೆಯ ಕುಸಿದ ಮೂಲೆಗೆ ಬಂದು ನಿಲ್ಲತೊಡಗಿದೆ. ಬೇಗ ಗೊತ್ತಾಯಿತು. ಅಲ್ಲಿ ಮನೆ ಕಟ್ಟುವವರು ಮಣ್ಣಿನೊಳಗೆ ಹೋಗುವ ಗೋಡೆಗೆಲ್ಲ ತೇವ ಹಿಡಿಯದಿರಲೆಂದು ಡಾಂಬರು ಬಳಿಯುತ್ತಾರೆ. ಕೆಲಸ ನಿಂತ ಜಾಗಗಳಲ್ಲಿ ಆ ಗುಂಡಿಗಳು ಹಾಗೇ ತೆರೆದುಕೊಂಡಿದ್ದವು, ಒಳಗೆಲ್ಲ ಕಪ್ಪು ಗೋಡೆ. ಕರಿಯ ನರಿ ಹಗಲಿಡೀ ಅಂಥದ್ದೊಂದರ ನೆರಳಿನಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿರುತ್ತಿತ್ತು. ಬಾಲದ ಬಿಳಿ ಅಲ್ಲಾಡಿದರೆ ಮಾತ್ರ ಇದೆಯೆಂದು ತಿಳಿಯುವುದು. ಮರಳಿನ ಬಣ್ಣದವು ಮರಳಿನಲ್ಲಿ ಕಾಣುತ್ತಿರಲಿಲ್ಲ ನಿಜ, ಆದರೆ ಹೊಸ ಡಾಂಬರು ರಸ್ತೆ ದಾಟುವಾಗ, ಕಸದ ಡಬ್ಬದ ಹತ್ತಿರ ಬಂದಾಗ ಎಲ್ಲರ ಕಣ್ಣಿಗೂ ಬೀಳುತ್ತಿದ್ದವು, ಹುಡುಗರ ಕಲ್ಲು ಅವಕ್ಕೇ. ಮರಳಿನ ಊರು ಡಾಂಬರಿನ ಊರಾಗುತ್ತಿತ್ತು, ಮಿಸ್ಸಿನ ಪಾಠ ಹಿಂದೆ ಉಳಿದಿತ್ತು. ದೊಡ್ಡವರು ಹೇಳಿದ್ದನ್ನು ಹೋಗಿ ನೋಡದೆ ನಂಬಬಾರದೆಂಬ ಚಟ ನನಗೆ ಹತ್ತಿದ್ದು ಅಲ್ಲಿ. ಈಗ ನಾನು ಕೆಲಸ ಮಾಡುವ, ಮಸ್ಕತ್ತಿನದೇ ಆದ ಬೌಷರ್‌ನ ಆಫೀಸಿನಲ್ಲಿ ಆ ಚಟದಿಂದಾಗಿ ನನ್ನನ್ನು ಕಂಡರೆ ಆಗದವರು ಬೇಕಾದಷ್ಟಿದ್ದಾರೆ.

ಇನ್ನೊಂದು ವಿಷಯವನ್ನೂ ಅಲ್ಲೇ ನೋಡಿದೆ, ಅದು ಅಷ್ಟು ಖುಷಿಯದಲ್ಲ. ಎಲೆಯ ವಾಸನೆಗೆ ಮರಳಿನ ಬಣ್ಣದ ನರಿಗಳೂ ಬರುತ್ತಿದ್ದವು. ಅವು ಬಂದರೆ ಅಮ್ಮ ಚಪ್ಪಲಿ ಬೀಸಿ ಒಗೆಯುತ್ತಿದ್ದಳು. ಅದೇ ಕಿವಿ, ಅದೇ ಬಾಲ, ಅದೇ ಹಸಿವು. ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದಕ್ಕೆ ಏನೂ ಇರಲಿಲ್ಲ, ಅದಕ್ಕೇ ಅವು ಯಾರ ತಾಯಿಯೂ ಆಗಲಿಲ್ಲ. ಗೋಡೆಯ ಆಚೆಗೂ ಹೀಗೆಯೇ. ಉಮ್ಮು ಸಈದ್ ಗಟ್ಟಿಮುಟ್ಟಾದ ಮುದುಕಿ, ಅಂಗಡಿಯವರ ಹತ್ತಿರ ಕಲಿತ ಹಿಂದಿಯಲ್ಲಿ ಗೋಡೆಯ ಮೇಲಿಂದ ಅಮ್ಮನ ಜೊತೆ ಮಾತಾಡುತ್ತಿದ್ದಳು. ಕಪ್ಪು ನರಿಯನ್ನು ಅವಳೂ ನೋಡಿದ್ದಳು. "ವೋ ಕಾಲಾ, ವೋ ನರಿ ನಹೀ, ಜಿನ್ನ್," ಅಂದಳು, ಆ ಕಪ್ಪಿನದು ನರಿಯಲ್ಲ, ಭೂತ ಅಂತ. ನರಿಗೆ ನಮ್ಮಿಂದ ಕಲಿತ ಪದವನ್ನೇ ಬಳಸಿದ್ದಳು. ಅದಕ್ಕೆ ಕೈ ಮಾಡಬೇಡ ಎಂದು ಮಗ ಸಈದ್‌ಗೂ ತಾಕೀತು ಮಾಡಿದ್ದಳು. ಗೋಡೆಯ ಈಚೆ ಭಕ್ತಿ, ಆಚೆ ಭಯ. ನಡುವೆ ನರಿ ದಪ್ಪಗಾಗುತ್ತಿತ್ತು.

ಚಳಿ ಕಳೆಯುವ ಹೊತ್ತಿಗೆ ಕೋಳಿಗಳು ಹೋಗತೊಡಗಿದವು. ಗೂಡಿನ ಬಲೆಯಡಿ ಮರಳು ಕೆದಕಿತ್ತು, ಪುಕ್ಕ ಚೆಲ್ಲಿತ್ತು. ಅಪ್ಪ ಮುಖ ಮುಚ್ಚಿಕೊಂಡು ಗೇಟು ದಾಟುವಂತಾಯಿತು. ಒಂದು ಶುಕ್ರವಾರ ಬೆಳಿಗ್ಗೆ ಅಮ್ಮ ಎಲೆ ಕೇಳಲು ಹೋದಾಗ ಉಮ್ಮು ಸಈದ್ ಎಲೆ ಕೊಯ್ದು ಕೊಡುತ್ತಾ ಹೇಳಿದಳು, ಮಗಳನ್ನು ಹೊರಗೆ ಬಿಡಬೇಡ, ಸಈದ್ ಹಿಂದಿನ ಮರಳಿನಲ್ಲೆಲ್ಲ ಮಾಂಸಕ್ಕೆ ವಿಷ ಹಾಕಿ ಇಟ್ಟಿದ್ದಾನೆ ಅಂತ.

"ಕಾಲಾ ಭೀ ಖಾಯೇಗಾ," ಅಂದಳು ಅಮ್ಮ. ಕಪ್ಪಿನದೂ ತಿಂದೀತಲ್ಲ.

"ಜಿನ್ನ್ ಗೋಶ್ತ್ ನಹೀ ಖಾತಾ," ಅಂದಳು ಮುದುಕಿ ನಿಶ್ಚಿಂತೆಯಿಂದ. ಜಿನ್ನ್ ಮಾಂಸ ತಿನ್ನುವುದಿಲ್ಲವಂತೆ.

ಅಮ್ಮ ಎಲೆಯನ್ನು ಅಡುಗೆಮನೆಯಲ್ಲಿ ಬಿಸಾಡಿದಳು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಕುಸಿದ ಮೂಲೆಯಿಂದ ಮರಳಿಗೆ ಇಳಿದೇಬಿಟ್ಟಳು. ಇಷ್ಟು ವರ್ಷ ಆ ಕಡೆ ಒಂದು ಹೆಜ್ಜೆ ಇಟ್ಟವಳಲ್ಲ. ನಾನು ಹಿಂದೆ ಓಡಿದೆ. ಅಪ್ಪ ಬಾಗಿಲಲ್ಲಿ ನಿಂತು ಕೂಗಿದರು.

"ಹುಚ್ಚು ಹಿಡಿದಿದ್ಯಾ ನಿನಗೆ? ಆ ಸಈದ್ ನೋಡಿದ್ರೆ ಇವತ್ತೇ ಮನೆ ಖಾಲಿ ಮಾಡ್ಲಿಕ್ಕೆ ಹೇಳ್ತಾನೆ."

"ಹೇಳ್ಲಿ. ಒಮ್ಮೆ ಸತ್ತಾಗ ಹೋಗ್ಲಿಕ್ಕೆ ಆಗ್ಲಿಲ್ಲ. ಈಗ ಕಣ್ಣೆದುರು ಸಾಯುದನ್ನು ನೋಡ್ಬೇಕಾ?"

ಸ್ವಲ್ಪ ಹೊತ್ತಿಗೆ ಅಪ್ಪನೂ ಬಂದರು. ಬೈಯುತ್ತಲೇ ಬಂದರು, ಕಂಪನಿಯ ದಪ್ಪ ಕೈಗವಸು ಹಾಕಿಕೊಂಡು. ಮೂವರೂ ಬಿಸಿಲಿನಲ್ಲಿ ಬಗ್ಗಿ ಬಗ್ಗಿ ಹುಡುಕಿದೆವು. ನಾನು ಏನನ್ನೂ ಮುಟ್ಟದೆ ಬೆರಳು ತೋರಿಸಬೇಕು, ಅಪ್ಪ ಎತ್ತಬೇಕು ಎಂದು ಒಪ್ಪಂದ. ಕಲ್ಲಿನ ಪಕ್ಕ, ಮುಳ್ಳುಗಿಡದ ಬುಡದಲ್ಲಿ, ಟಯರುಗಳ ಒಳಗೆ ಮಾಂಸದ ತುಂಡುಗಳಿದ್ದವು. ಎಷ್ಟಿಟ್ಟಿದ್ದನೋ, ಎಷ್ಟು ಸಿಕ್ಕವೋ. ನಾನು ಡಾಂಬರು ಬಳಿದ ಗುಂಡಿ ತೋರಿಸಿದೆ. ಗೋಡೆಯಡಿ ಒಂದು ಬಿಲ ಒಳಕ್ಕೆ ಹೋಗಿತ್ತು. ಅಮ್ಮ ಅದರ ಮುಂದೆ ಮೊಣಕಾಲೂರಿ ಬಗ್ಗಿ ಒಳಗಿನ ಕತ್ತಲಿಗೆ ಮೆಲ್ಲಗೆ ಹೇಳಿದಳು.

"ಅವೆನ್ ತಿನೊಡ್ಚಿ ಅಪ್ಪೆ."

ಅದನ್ನು ತಿನ್ನಬೇಡಿ ಅಮ್ಮ ಅಂತ. ಅಪ್ಪ ಆ ಕಡೆ ತಿರುಗಿ ನಿಂತರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಆ ಸಂಜೆಯೂ ಎಲೆ ಬಡಿಸಿದಳು. ನಾವು ಮೂವರೂ ಕಿಟಕಿಗೆ ಮುಖವಿಟ್ಟು ಕಾದೆವು. ನರಿ ಬರಲಿಲ್ಲ. ಬಂದದ್ದು ಕಾಗೆ. ಆಂಟೆನಾದಿಂದ ಇಳಿದು ಕುಪ್ಪಳಿಸುತ್ತಾ ಬಂದು ಎಲೆಯ ಮೇಲೇರಿ ಬೂತಾಯಿಯ ತಲೆ ಕಿತ್ತಿತು. ಅಪ್ಪನ ಮುಖ ಅರಳಿತು.

"ನೋಡು, ಕಾಗೆ ಮುಟ್ಟಿತಲ್ಲ. ಈಗಲೇ ನಿನ್ನ ಅಣ್ಣನಿಗೆ ಫೋನು ಮಾಡು. ಮುಗೀತು, ಖಲಾಸ್."

ಅಮ್ಮ ಮೂಲೆಯಲ್ಲಿದ್ದ ಕಸ ಗುಡಿಸುವ ಹಿಡಿಸೂಡಿ ತೆಗೆದುಕೊಂಡು ಹೊರಗೆ ಹೋಗಿ ಕಾಗೆಯನ್ನು ಓಡಿಸಿದಳು. ತಿಂಗಳುಗಟ್ಟಲೆ ಯಾವ ಕಾಗೆಗಾಗಿ ನಿದ್ದೆಗೆಟ್ಟಿದ್ದಳೋ ಅದೇ ಕಾಗೆ.

"ಇದು ನಿನಗಲ್ಲ," ಅಂದಳು ಅದಕ್ಕೆ.

ಮರುದಿನ ಸಈದ್ ಸತ್ತ ನರಿಗಳನ್ನು ಕಾಲು ಹಿಡಿದು ಎಳೆದು ತಂದು ಕಸದ ಡಬ್ಬದ ಪಕ್ಕ ಹಾಕಿದ. ನಾನು ಬಸ್ಸಿಗೆ ಹೋಗುವಾಗ ನೋಡಿದೆ. ಎಲ್ಲವೂ ಮರಳಿನ ಬಣ್ಣದವು. ಕಪ್ಪು ಇಲ್ಲವೆಂದು ಅಮ್ಮನಿಗೆ ಹೇಳಲು ವಾಪಸು ಓಡಿದವಳು ಅರ್ಧದಾರಿಯಲ್ಲಿ ನಿಂತೆ. ಅವುಗಳ ತುಟಿ ಹಿಂದಕ್ಕೆ ಹೋಗಿ ಹಲ್ಲು ಕಾಣುತ್ತಿತ್ತು. ನಾನು ಖುಷಿಯಿಂದ ಓಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಆದರೂ ಹೇಳಿದೆ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ದೋಸೆಯ ಕಾವಲಿಯ ಹತ್ತಿರ ಹೋದಳು.

ಕರಿಯ ನರಿ ಮಾತ್ರ ಮುಂದಿನ ಶುಕ್ರವಾರವೂ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಬಿಲದಲ್ಲೇ ಸತ್ತಿರಬೇಕೆಂದು ನಾವೆಲ್ಲ ಅಂದುಕೊಂಡೆವು. ಅಮ್ಮನ ಓಡಾಟ ನೋಡಲಾಗದಷ್ಟಾಯಿತು. ಹಾಲು ಒಲೆಯಲ್ಲಿಟ್ಟು ಮರೆಯುವಳು, ಉಪ್ಪು ಎರಡು ಸಲ ಹಾಕುವಳು, ಮಾತಿನ ನಡುವೆಯೇ ಹೊರಟುಹೋಗುವಳು. ಪಾಸ್‌ಪೋರ್ಟು ಬಂದಿತ್ತು. ಊರಿಗೆ ಹೋಗಿ ಬಾ ಎಂದು ಅಪ್ಪ ಹೇಳಿದರೆ "ಈಗ ಅಲ್ಲಿ ಯಾರಿದ್ದಾರೆ ನೋಡ್ಲಿಕ್ಕೆ?" ಅನ್ನುವಳು.

ಸೆಕೆ ಶುರುವಾಗಿತ್ತು. ಅವತ್ತು ಶುಕ್ರವಾರವೇ, ಮಗ್ರಿಬ್‌ಗೆ ಇನ್ನೂ ಹೊತ್ತಿತ್ತು. ಅಮ್ಮ ಬಡಿಸಿ ಬಾಗಿಲು ಹಾಕುವಷ್ಟರಲ್ಲಿ ಗೋಡೆಯ ಮೂಲೆಯಿಂದ ಮರಳಿನ ಬಣ್ಣದ ಪುಟ್ಟ ಮರಿಯೊಂದು ತೂರಿ ಬಂತು, ಕಿವಿಯೇ ದೊಡ್ಡದು. ಅಮ್ಮ ಅಭ್ಯಾಸದಂತೆ ಚಪ್ಪಲಿ ಎತ್ತಿದಳು. ಮರಿಯ ಹಿಂದೆ ಇನ್ನೆರಡು ಬಂದವು, ಅವುಗಳ ಹಿಂದೆ ಕರಿಯ ನರಿ. ಬಡಕಲಾಗಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಇಷ್ಟು ದಿನ ಬಿಲದೊಳಗೆ ಮರಿಗಳ ಜೊತೆ ಮಲಗಿತ್ತು ಎಂದು ನನಗೆ ಆಗ ಹೊಳೆಯಿತು. ಅದನ್ನು ಉಳಿಸಿದ್ದು ನಮ್ಮನ್ನು ಮರಳಿಗೆ ಇಳಿಸಿದ ಆ ಬಣ್ಣವೋ ಬಾಣಂತನವೋ ಹೇಳಲಾರೆ. ಮರಿಗಳು ಅದರ ಹೊಟ್ಟೆಯಡಿ ನುಗ್ಗಿ ಹಾಲಿಗೆ ಜಗ್ಗಾಡಿದವು. ಅದು ನಿಂತಲ್ಲೇ ಎಲೆಗೆ ಬಾಯಿ ಹಾಕಿ ಗಬಗಬ ತಿಂದಿತು, ಅಮ್ಮನ ಕಡೆ ನೋಡಲೂ ಇಲ್ಲ. ಅಮ್ಮ ಚಪ್ಪಲಿಯನ್ನು ನೆಲಕ್ಕೆ ಬಿಟ್ಟಳು. ಎಲೆ ಖಾಲಿಯಾಗಿ ತಾಯಿ ಮರಿಗಳೆಲ್ಲ ಹೊರಟುಹೋಗುವವರೆಗೆ ಹಾಗೇ ನಿಂತಿದ್ದಳು.

"ಅದಕ್ಕೆ ಅದರ ಮಕ್ಕಳಿದ್ದಾರೆ ಮಗಾ," ಅಂದಳು ನನಗೆ. "ನನ್ನ ಅಪ್ಪೆ ಆಗ್ಲಿಕ್ಕೆ ಅದಕ್ಕೆ ಪುರ್ಸೊತ್ತಿಲ್ಲ."

ಹಾಗೆ ಹೇಳಿದವಳು ಹೊಸ್ತಿಲ ಮೇಲೆ ಕುಸಿದು ಅಳತೊಡಗಿದಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಅಪ್ಪ ಒಳಗಿಂದ ಓಡಿ ಬಂದು, ಏನು ಮಾಡಬೇಕೆಂದು ತಿಳಿಯದೆ ಒಂದು ಲೋಟ ನೀರು ಹಿಡಿದುಕೊಂಡು ನಿಂತರು. ಎಡಗಡೆಯ ಗೋಡೆಯ ಮೇಲೆ ಉಮ್ಮು ಸಈದ್‌ಳ ಮುಖ ಕಾಣಿಸಿತು.

"ಕ್ಯಾ ಹುವಾ? ಕ್ಯೂಂ ರೋತಾ?" ಯಾಕೆ ಅಳುತ್ತಿದ್ದಾಳೆ ಎಂದು ನನ್ನನ್ನೇ ಕೇಳಿದಳು.

"ಮಮ್ಮೀ ಕಾ ಮಾ ಮರ್ ಗಯಾ," ಅಂದೆ. ಅಮ್ಮನ ತಾಯಿ ತೀರಿಹೋದರು ಅಂತ.

"ಕಬ್?" ಯಾವಾಗ ಅಂತ.

ನಾನು ಅಮ್ಮನನ್ನು ನೋಡಿದೆ.

"ಅಭೀ," ಅಂದೆ. ಈಗ.

ಮುದುಕಿ ಗೋಡೆಯಿಂದ ಮರೆಯಾದಳು. ಸ್ವಲ್ಪ ಹೊತ್ತಿಗೆ ನಮ್ಮ ಗೇಟು ಸದ್ದಾಯಿತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಈ ಕಡೆ ಬಾರದವಳು ಒಳಗೆ ಬಂದು, ಅಮ್ಮನ ಪಕ್ಕ ಹೊಸ್ತಿಲ ಮೇಲೆಯೇ ಕೂತು, ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು.